ಲ್ಯಾಪ್‌ಟಾಪ್ ಕೀಲಿಯಲ್ಲಿ ಸರಿಗಮ ನುಡಿಸಿದರೆ ಮಗಳ ಶ್ರುತಿ ಕೆಡುತ್ತದೆಯೇ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ. ಮಗಳಿಗೆ ಹತ್ತು ವರ್ಷ, ಕನ್ನಡ ಮಾಧ್ಯಮದಲ್ಲಿ ಐದನೇ ತರಗತಿ. ಶನಿವಾರ ಬದಿಯಡ್ಕಕ್ಕೆ ಕರೆದುಕೊಂಡು ಹೋಗಿ ಹಾಡುಗಾರಿಕೆ ಕಲಿಸುತ್ತಿದ್ದೇವೆ. ಆರಂಭದ ಸ್ವರಪಾಠಗಳಲ್ಲಿ ಸರಳೆ ವರಸೆ ಮುಗಿದು ಜಂಟಿ ವರಸೆ ಶುರುವಾಗಿದೆ. ಬೆಂಗಳೂರಿನಲ್ಲಿರುವ ಅವಳ ಮಾವ ತನ್ನ ಹಳೆಯ ಲ್ಯಾಪ್‌ಟಾಪನ್ನು ಕೊಟ್ಟು ಹೋದ ಮೇಲೆ, ಅದರ ಕೀಲಿಗಳನ್ನೇ ಪಿಯಾನೊ ಮಾಡಿಕೊಂಡು ನುಡಿಸುವ ತಂತ್ರಾಂಶವೊಂದನ್ನು ಹಾಕಿಸಿಕೊಂಡಿದ್ದಾಳೆ. ಸಂಜೆಯಾದರೆ ಅದೇ. ಒಂದು ನೋಟ್‌ಪುಸ್ತಕದ ತುಂಬ ‘ಎ ಡಬ್ಲ್ಯು ಡಿ ಎಫ್’ ಎಂದು ಬರೆದಿಟ್ಟಿದ್ದಾಳೆ. ಸಂಗೀತದ ಟೀಚರಿಗೆ ಇದು ತಿಳಿದು, ‘ಶ್ರುತಿ ಕೆಡುತ್ತದೆ, ನಿಲ್ಲಿಸಿ’ ಎಂದರು. ಭಜನೆಗೆ ಹಾರ್ಮೋನಿಯಂ ನುಡಿಸುವ ನೆರೆಮನೆಯವರು, ‘ಬೆರಳು ಹಾಳಾಗುತ್ತದೆ, ಆಮೇಲೆ ನಿಜವಾದ ವಾದ್ಯ ಕೈಗೆ ಹತ್ತುವುದಿಲ್ಲ’ ಎನ್ನುತ್ತಾರೆ. ಇನ್ನೊಂದು, ಕೆಲವು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಎರಡೇ ಕೇಳಿಸುತ್ತವೆ. ಸ್ಪೀಕರಿಗೆ ಹಾಕಿದರೆ ಶಬ್ದ ತಡವಾಗಿ ಬರುತ್ತದೆ. ಕೆಲವು ದಿನ ಏನೂ ಕೇಳಿಸುವುದೇ ಇಲ್ಲ. ನಿಲ್ಲಿಸಬೇಕೇ? ಹತ್ತು ಸಾವಿರ ಹಾಕಿ ಕೀಬೋರ್ಡ್ ತೆಗೆದುಕೊಡುವುದೇ, ಹಾರ್ಮೋನಿಯಂ ಕೊಡಿಸುವುದೇ? ಅಷ್ಟು ಖರ್ಚು ಮಾಡಿದ ಮೇಲೆ ಆಸಕ್ತಿ ಇಳಿದುಹೋದರೆ ಎಂದು ಇವರಿಗೆ ಚಿಂತೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ: ಬೆರಳಿನದು, ಶ್ರುತಿಯದು, ದುಡ್ಡಿನದು. ಕುಂಬಳೆ, ಬದಿಯಡ್ಕದ ಕಡೆ ಮಕ್ಕಳಿಗೆ ಹಾರ್ಮೋನಿಯಂ, ಕೀಬೋರ್ಡ್ ಹೇಳಿಕೊಡುತ್ತ ನನಗೆ ಇಪ್ಪತ್ತು ವರ್ಷ ದಾಟಿತು. ಇದೇ ಮೂರನ್ನು ಹೊತ್ತುಕೊಂಡು ಬರುವ ತಂದೆತಾಯಂದಿರು ವರ್ಷಕ್ಕೆ ಹತ್ತು ಮಂದಿಯಾದರೂ ಇರುತ್ತಾರೆ. ನಿಲ್ಲಿಸಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ತಂದದ್ದು ಈ ಮೂರರಲ್ಲಿ ಒಂದೂ ಅಲ್ಲ, ಆ ನೋಟ್‌ಪುಸ್ತಕ. ಅದಕ್ಕೆ ಆಮೇಲೆ ಬರುತ್ತೇನೆ. (ಗೊಂದಲ ಬೇಡವೆಂದು ಇಲ್ಲಿ ಕಂಪ್ಯೂಟರಿನದನ್ನು ಕೀಲಿಮಣೆ ಎಂದೂ, ವಾದ್ಯವನ್ನು ಕೀಬೋರ್ಡ್ ಎಂದೂ ಕರೆಯುತ್ತೇನೆ.)

ಅವಳು ಏನು ನುಡಿಸುತ್ತಿದ್ದಾಳೆ ಎನ್ನುವುದನ್ನು ಮೊದಲು ನೀವೇ ಒಮ್ಮೆ ನೋಡಿ. ಲ್ಯಾಪ್‌ಟಾಪನ್ನು ಎದುರಿಗಿಟ್ಟುಕೊಳ್ಳಿ. ‘ಎ ಡಬ್ಲ್ಯು ಡಿ ಎಫ್’ ಎಂದು ಬರೆದಿದ್ದಾಳೆ ಎಂದರೆ ಅವಳ ತಂತ್ರಾಂಶದಲ್ಲಿ ಕೀಲಿಗಳ ಜೋಡಣೆ ಹೀಗಿರುತ್ತದೆ: ಎಡಗಡೆಯ ಎ ಷಡ್ಜ (ಸ), ಅಲ್ಲಿಂದ ಬಲಕ್ಕೆ ಎಸ್, ಡಿ, ಎಫ್, ಜಿ, ಎಚ್, ಜೆ, ಕೆ. ಇವು ಪಿಯಾನೊದ ಬಿಳಿ ಮನೆಗಳು (ವಾದ್ಯದ ಕೀಲಿಗೆ ನಾವು ‘ಮನೆ’ ಎನ್ನುತ್ತೇವೆ), ಕೆ ಎಂದರೆ ತಾರಷಡ್ಜ. ಅದರ ಮೇಲಿನ ಸಾಲಿನಲ್ಲಿ ಡಬ್ಲ್ಯು, ಇ, ಟಿ, ವೈ, ಯು ಐದೂ ಕಪ್ಪು ಮನೆಗಳು. ಕೀಲಿಮಣೆಯ ಸಾಲುಗಳು ಒಂದರ ಕೆಳಗೊಂದು ನೇರವಾಗಿರುವುದಿಲ್ಲ, ಸ್ವಲ್ಪ ಓರೆಯಾಗಿ ಸರಿದಿರುತ್ತವೆ. ಹಾಗಾಗಿ ಎ ಮತ್ತು ಎಸ್ ನಡುವೆ, ತುಸು ಮೇಲೆ, ಡಬ್ಲ್ಯು ಬಂದು ಕೂರುತ್ತದೆ. ಪಿಯಾನೊದಲ್ಲಿ ಕಪ್ಪು ಮನೆ ಇರುವುದೂ ಹಾಗೆಯೇ.

ಈಗ ಮೇಲಿನ ಸಾಲಿನ ಆರ್ ಒತ್ತಿ. ಶಬ್ದವಿಲ್ಲ. ಐ ಒತ್ತಿ, ಅದೂ ಮೂಕ. ಕೀಲಿ ಕೆಟ್ಟಿದೆ ಎಂದುಕೊಂಡು ಲ್ಯಾಪ್‌ಟಾಪನ್ನು ರಿಪೇರಿಗೆ ಒಯ್ದವರನ್ನು ನಾನು ಕಂಡಿದ್ದೇನೆ. ಕೆಟ್ಟಿಲ್ಲ. ಆರ್ ಇರುವುದು ಡಿ, ಎಫ್‌ಗಳ ನಡುವೆ, ಅಂದರೆ ಮೂರನೆಯ ಮತ್ತು ನಾಲ್ಕನೆಯ ಬಿಳಿ ಮನೆಗಳ ನಡುವೆ. ಅಲ್ಲಿ ಪಿಯಾನೊದಲ್ಲಾಗಲಿ ಹಾರ್ಮೋನಿಯಂನಲ್ಲಾಗಲಿ ಕಪ್ಪು ಮನೆ ಇಲ್ಲ. ಐ ಇರುವುದು ಏಳನೆಯ ಮನೆಗೂ ಮೇಲಿನ ಒಂದನೆಯದಕ್ಕೂ ನಡುವೆ, ಅಲ್ಲಿಯೂ ಇಲ್ಲ. ನಮ್ಮಲ್ಲಿ ಶ್ರುತಿ, ಅಂದರೆ ಷಡ್ಜ ಯಾವ ಮನೆಯಲ್ಲಿ ಎಂದು, ಹೇಳುವಾಗ ‘ಒಂದೂವರೆ ಮನೆ’, ‘ಐದೂವರೆ ಮನೆ’ ಎನ್ನುತ್ತೇವಲ್ಲ (ಕೆಲವರ ಬಾಯಲ್ಲಿ ಅದು ‘ಕಟ್ಟೆ’), ಆ ಅರ್ಧಗಳೆಲ್ಲ ಕಪ್ಪು ಮನೆಗಳೇ. ಒಂದೂವರೆ, ಎರಡೂವರೆ, ನಾಲ್ಕೂವರೆ, ಐದೂವರೆ, ಆರೂವರೆ ಇವೆ. ಮೂರೂವರೆ ಮನೆಯಲ್ಲಿ ಹಾಡುತ್ತೇನೆ ಎಂದವರನ್ನು ನೀವು ಕೇಳಿದ್ದೀರಾ? ಜಾತಕದಲ್ಲಿ ಏಳೂವರೆ ಶನಿ ಇದ್ದೀತು, ಹಾರ್ಮೋನಿಯಂನಲ್ಲಿ ಏಳೂವರೆ ಮನೆ ಇಲ್ಲ. ಯಕ್ಷಗಾನದ ಭಾಗವತರು ‘ಬಿಳಿ ನಾಲ್ಕು’, ‘ಕಪ್ಪು ಮೂರು’ ಎಂದು ಶ್ರುತಿ ಹೇಳುವುದೂ ಇದೇ ಮನೆಗಳನ್ನು ಎಣಿಸಿಕೊಂಡು. ಶಾಸ್ತ್ರೀಯದವರ ಲೆಕ್ಕದ ನಾಲ್ಕೂವರೆಯೇ ಅವರ ಕಪ್ಪು ಮೂರು. ಈ ಸಂಗತಿ ಕೆಲವು ಮಕ್ಕಳಿಗೆ ನಾಲ್ಕು ವರ್ಷ ಪಾಠವಾದರೂ ಗೊತ್ತಿರುವುದಿಲ್ಲ. ನಿಮ್ಮ ಮಗಳಿಗೆ ಎರಡು ಮೂಕ ಕೀಲಿಗಳಿಂದ ಒಂದು ಸಂಜೆಯಲ್ಲಿ ತಿಳಿಯುತ್ತದೆ.

ಮತ್ತೊಂದು ಇದೆ, ಇದನ್ನು ಮೊದಲ ಸಲ ಗಮನಿಸಿದಾಗ ನನಗೇ ಖುಷಿಯಾಗಿತ್ತು. ಅವಳು ಬರೆದ ‘ಎ ಡಬ್ಲ್ಯು ಡಿ ಎಫ್’ ಯಾದೃಚ್ಛಿಕವಲ್ಲ. ಅದು ಮಾಯಾಮಾಳವಗೌಳದ ಸ, ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ. ಆರಂಭದ ಪಾಠಗಳಿಗೆ ಈ ರಾಗವನ್ನು ಗೊತ್ತುಮಾಡಿದವರು ಪುರಂದರದಾಸರು ಎಂಬುದು ನಮ್ಮ ಪರಂಪರೆಯ ಮಾತು. ಸರಿಗಮದ ಈ ಅರ್ಧ ಪೂರ್ವಾಂಗ, ಪದನಿಸದ ಅರ್ಧ ಉತ್ತರಾಂಗ: ಜಿ, ವೈ, ಜೆ, ಕೆ. ಈಗ ಎರಡೂ ತುಂಡುಗಳ ಆಕಾರ ನೋಡಿ. ಎ ಒತ್ತಿ, ಓರೆಯಾಗಿ ಮೇಲೇರಿ ಡಬ್ಲ್ಯು, ಕೆಳಗಿಳಿದು ಒಂದು ಬಿಟ್ಟು ಡಿ, ಪಕ್ಕದ ಎಫ್. ಜಿ ಒತ್ತಿ, ಓರೆಯಾಗಿ ಮೇಲೇರಿ ವೈ, ಕೆಳಗಿಳಿದು ಒಂದು ಬಿಟ್ಟು ಜೆ, ಪಕ್ಕದ ಕೆ. ಒಂದೇ ಅಚ್ಚು, ಎರಡು ಸಲ. ಪೂರ್ವಾಂಗ ಹೇಗೋ ಉತ್ತರಾಂಗ ಹಾಗೆಯೇ ಎಂದು ನಾವು ಬಾಯಲ್ಲಿ ಹೇಳುತ್ತೇವೆ, ಮಗು ತಲೆಯಾಡಿಸುತ್ತದೆ. ಇಲ್ಲಿ ಅದು ಬೆರಳಿಗೆ ತಾಗುತ್ತದೆ. ಬರೀ ಬಿಳಿ ಮನೆಗಳನ್ನು ಹಿಡಿದರೆ ಶಂಕರಾಭರಣ ರಾಗ. ಅದರಲ್ಲಿ ಎಫ್ ಬಿಟ್ಟು ಟಿ ಹಿಡಿದರೆ ಮಧ್ಯಮ ಬದಲಾಯಿತು, ಶಂಕರಾಭರಣ ಇದ್ದಲ್ಲಿ ಕಲ್ಯಾಣಿ ಬಂತು. ಎ, ಎಸ್, ಡಿ, ಜಿ, ಎಚ್, ಕೆ ಇಷ್ಟೇ ಹಿಡಿದರೆ ಮೋಹನ, ಮೇಲಿನ ಸಾಲಿಗೆ ಹೋಗಲೇಬೇಕಾಗಿಲ್ಲ. ಹನ್ನೆರಡು ಸ್ವರಸ್ಥಾನಗಳ ನಕ್ಷೆಯನ್ನು ಕಣ್ಣಿಗೂ ಕೈಗೂ ಕಾಣಿಸುವುದರಲ್ಲಿ ಈ ಕೀಲಿಮಣೆ ಯಾವ ವಾದ್ಯಕ್ಕೂ ಕಡಿಮೆಯಲ್ಲ. ನಾನು ಇದಕ್ಕೆ ಕೊಡುವ ಬೆಲೆ ಇಷ್ಟು. ಇದಕ್ಕಿಂತ ಹೆಚ್ಚಿನದನ್ನು ಇದರಿಂದ ಬಯಸಿದಾಗ ತೊಂದರೆ ಶುರುವಾಗುತ್ತದೆ.

ಒಂದು ಮಾತು ನಡುವೆ. ಅಮೆರಿಕದಲ್ಲಿ ಕ್ರಿಸ್ಟೋಫರ್ ಶೋಲ್ಸ್ ಮತ್ತು ಅವನ ಸಂಗಡಿಗರು 1868ರಲ್ಲಿ ಪೇಟೆಂಟ್ ಪಡೆದ ಟೈಪ್‌ರೈಟರಿನ ಕೀಲಿಗಳು ಪಿಯಾನೊದ ಮನೆಗಳ ಹಾಗೆಯೇ ಇದ್ದವು. ಇಂದಿನ ಅಕ್ಷರ ಜೋಡಣೆ ಬಂದದ್ದು ಆಮೇಲೆ. ಪಿಯಾನೊದಿಂದ ಹೊರಟ ಕೀಲಿಮಣೆಯನ್ನು ನಿಮ್ಮ ಮಗಳು ಮರಳಿ ತವರಿಗೆ ಕರೆತಂದಿದ್ದಾಳೆ, ಅಷ್ಟೆ.

ಈಗ ಟೀಚರ ಮಾತಿಗೆ ಬರೋಣ. ‘ಶ್ರುತಿ ಕೆಡುತ್ತದೆ’ ಎಂದಾಗ ಅವರು ಸುಮ್ಮನೆ ಹೇಳಿರಲಾರರು. ಮಗುವಿನ ಹಾಡಿನಲ್ಲಿ ಏನೋ ಕೇಳಿಸಿರಬೇಕು. ಏನಿರಬಹುದು ಎಂದು ನಾನು ಊಹಿಸಬಲ್ಲೆ. ತಂತ್ರಾಂಶದಲ್ಲಿ ಎ ಕೀಲಿ ಸಾಮಾನ್ಯವಾಗಿ ಒಂದು ಮನೆ, ಅಂದರೆ ಪಾಶ್ಚಾತ್ಯರ ಸಿ. ಹತ್ತು ವರ್ಷದ ಹುಡುಗಿಗೆ ಪಾಠದಲ್ಲಿ ಐದು, ಐದೂವರೆ, ಆರು ಮನೆಯ ಆಸುಪಾಸಿನಲ್ಲಿ ಶ್ರುತಿ ಇಟ್ಟಿರುತ್ತಾರೆ. ಮನೆಯಲ್ಲಿ ಲ್ಯಾಪ್‌ಟಾಪಿನ ಜೊತೆ ದನಿ ಸೇರಿಸಲು ಹೋದರೆ ತಗ್ಗಿನಲ್ಲಿ ಗೊಣಗಬೇಕು, ಇಲ್ಲವೇ ತಾರಸ್ಥಾಯಿಯಲ್ಲಿ ಕಿರುಚಬೇಕು. ವಾರವಿಡೀ ಹಾಗೆ ಮಾಡಿ ಶನಿವಾರ ಪಾಠಕ್ಕೆ ಕೂತಾಗ ಷಡ್ಜ ಹಿಡಿಯುವುದಕ್ಕೇ ತಡಕಾಡುತ್ತಾಳೆ. ನನ್ನಲ್ಲಿಗೆ ಬಂದ ಹಲವು ಮಕ್ಕಳ ‘ಕೆಟ್ಟ ಶ್ರುತಿ’ಯ ಮೂಲ ಇದೇ ಆಗಿತ್ತು.

ಇದಕ್ಕೆ ಪರಿಹಾರ ಒಂದು ನಿಮಿಷದ್ದು. ಒಳ್ಳೆಯ ತಂತ್ರಾಂಶಗಳಲ್ಲಿ ಶ್ರುತಿಯನ್ನು ಏರಿಸಿ ಇಳಿಸುವ ‘ಟ್ರಾನ್ಸ್‌ಪೋಸ್’ ಎಂಬ ಆಯ್ಕೆ ಇರುತ್ತದೆ. ಅದನ್ನು ಕೆಳಕ್ಕೆ ಐದು ಹೆಜ್ಜೆ ಇಳಿಸಿದರೆ ಎ ಕೀಲಿಯಲ್ಲಿ ಐದು ಮನೆಯ ಷಡ್ಜ ಬರುತ್ತದೆ. ನಾಲ್ಕು ಇಳಿಸಿದರೆ ಐದೂವರೆ, ಮೂರು ಇಳಿಸಿದರೆ ಆರು. ಬೆರಳಿನ ದಾರಿ ಬದಲಾಗುವುದಿಲ್ಲ. ಟೀಚರನ್ನು ಕೇಳಿ, ಅವಳ ಶ್ರುತಿ ಎಷ್ಟು ಮನೆ ಎಂದು ತಿಳಿದುಕೊಂಡು ಹಾಗೆ ಹೊಂದಿಸಿ. ಆ ಆಯ್ಕೆಯೇ ಇಲ್ಲದಿದ್ದರೆ ಬೇರೆ ತಂತ್ರಾಂಶ ಹಾಕಿಸಿ. ವಿಎಂಪಿಕೆ ಎಂಬುದು ಉಚಿತ, ಲಿನಕ್ಸ್, ವಿಂಡೋಸ್ ಎರಡರಲ್ಲೂ ನಡೆಯುತ್ತದೆ. ಅದು ತಾನಾಗಿ ಶಬ್ದ ಮಾಡದಿದ್ದರೆ ಜೊತೆಗೆ ಶಬ್ದ ಹೊರಡಿಸುವ ಇನ್ನೊಂದು ತಂತ್ರಾಂಶವನ್ನು ಜೋಡಿಸಬೇಕಾಗುತ್ತದೆ. ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುವವರನ್ನು ಕೇಳಿ. ಕೇರಳದ ಶಾಲೆಗಳಲ್ಲಿ ಲಿನಕ್ಸ್ ಬಳಕೆಯಲ್ಲಿರುವುದರಿಂದ ಅವರಿಗೆ ಇದು ಹೊಸತಾಗಿರುವುದಿಲ್ಲ.

ಟೀಚರ ಆಕ್ಷೇಪದಲ್ಲಿ ಇನ್ನೂ ಆಳವಾದ ಸತ್ಯವೊಂದಿದೆ, ಅದು ಟ್ರಾನ್ಸ್‌ಪೋಸ್‌ನಿಂದ ಹೋಗುವಂಥದ್ದಲ್ಲ. ಪಿಯಾನೊ, ಕೀಬೋರ್ಡ್, ನಿಮ್ಮ ಲ್ಯಾಪ್‌ಟಾಪ್ ಎಲ್ಲವೂ ಒಂದು ಸ್ಥಾಯಿಯನ್ನು ಹನ್ನೆರಡು ಸರಿಸಮ ಪಾಲು ಮಾಡುತ್ತವೆ. ತಂಬೂರದ ಜೊತೆ ಕಿವಿ ಒಪ್ಪುವ ಅಂತರ ಗಾಂಧಾರ ಆ ಸಮಪಾಲಿನ ಜಾಗದಲ್ಲಿ ಸರಿಯಾಗಿ ಇರುವುದಿಲ್ಲ. ಒಂದು ಮನೆಯಿಂದ ಪಕ್ಕದ ಮನೆಗಿರುವ ದೂರವನ್ನು ನೂರು ಭಾಗ ಮಾಡಿದರೆ, ಕೀಲಿಯ ಗಾಂಧಾರ ಸುಮಾರು 14 ಭಾಗ ಮೇಲಿರುತ್ತದೆ. ಪಂಚಮದಲ್ಲಿ ವ್ಯತ್ಯಾಸ ಎರಡೇ ಭಾಗ, ಯಾರಿಗೂ ತಿಳಿಯದು. ಇದರ ಮೇಲೆ, ಕೀಲಿ ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯುತ್ತದೆಯೇ ಹೊರತು ಜಾರುವುದಿಲ್ಲ, ಸ್ವರವನ್ನು ತೂಗಿ ಜಾರಿಸುವ ಗಮಕಕ್ಕೆ ಅಲ್ಲಿ ದಾರಿಯಿಲ್ಲ. ಇಂಥ ಕಾರಣಗಳಿಗಾಗಿಯೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಅಷ್ಟೂ ವರ್ಷ ನಮ್ಮೂರಿನ ಭಜನೆಗಳಲ್ಲಿ ಅದು ಮೊಳಗುತ್ತಲೇ ಇತ್ತು, ಯಾರ ಕಿವಿಯೂ ಉದುರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಹಾಗಾದರೆ ಯಾರ ಮಾತು ಸರಿ? ನನ್ನ ಅನುಭವದಲ್ಲಿ, ತಂಬೂರದ ಜೊತೆ ದಿನವೂ ಹಾಡುವ ಮಗುವಿಗೆ ಕೀಲಿಯ ಈ ಒರಟುತನ ಅಂಟುವುದಿಲ್ಲ. ಹಾಡದೆ ಬರೀ ಒತ್ತುತ್ತ ಕೂರುವ ಮಗುವಿಗೆ ಅಂಟುತ್ತದೆ. ಸ್ವರ ಹುಟ್ಟುವುದು ಬೆರಳಿನಿಂದ, ಗಂಟಲಿನಿಂದಲ್ಲ ಎಂದು ಅದು ನಂಬಿಬಿಡುತ್ತದೆ. ಹೀಗಾಗಿ ನನ್ನ ನಿಯಮ ಇದು: ಮೊದಲು ಹಾಡಬೇಕು, ಆಮೇಲೆ ಒತ್ತಬೇಕು. ಷಡ್ಜ ಕೇಳಿ, ರಿಷಭವನ್ನು ಬಾಯಲ್ಲಿ ಹಿಡಿದು, ‘ಸರಿಯೇ?’ ಎಂದು ಕೀಲಿಯನ್ನು ಕೇಳುವುದು. ಉತ್ತರ ನೋಡಿ ಲೆಕ್ಕ ಮಾಡುವುದಕ್ಕೂ ಲೆಕ್ಕ ಮಾಡಿ ಉತ್ತರ ನೋಡುವುದಕ್ಕೂ ಇರುವ ವ್ಯತ್ಯಾಸ ಅವಳಿಗೆ ಶಾಲೆಯಿಂದಲೇ ಗೊತ್ತಿರುತ್ತದೆ.

ಹಾಡಿ ತಾಳೆ ನೋಡುವಾಗ ಪಿಯಾನೊದ ನಾದವನ್ನು ಆರಿಸಬೇಡಿ. ಒತ್ತಿದ ಕ್ಷಣದಿಂದಲೇ ಅದು ಕುಗ್ಗುತ್ತ ಹೋಗುತ್ತದೆ. ಆರ್ಗನ್ ಅಥವಾ ಕೊಳಲಿನ ನಾದ ಒತ್ತಿದಷ್ಟು ಹೊತ್ತು ನಿಲ್ಲುತ್ತದೆ, ದನಿ ಸೇರಿತೋ ಇಲ್ಲವೋ ಸ್ಪಷ್ಟವಾಗಿ ಕೇಳಿಸುತ್ತದೆ.

ಜಂಟಿ ವರಸೆಯ ವಿಷಯದಲ್ಲಿ ಮಾತ್ರ ನಾನು ಟೀಚರ ಪಕ್ಷ. ಸಸ ರಿರಿ ಗಗ ಎನ್ನುವಾಗ ಎರಡನೆಯ ಸ್ವರಕ್ಕೆ ಒತ್ತು ಬೀಳಬೇಕು, ಆ ಪಾಠದ ಜೀವ ಅದೇ. ಕೀಲಿಮಣೆಯ ಕೀಲಿ ವಿದ್ಯುತ್ ಸ್ವಿಚ್ಚಿನ ಹಾಗೆ, ಮೆಲ್ಲಗೆ ಒತ್ತಿದರೂ ಗುದ್ದಿದರೂ ಒಂದೇ ದನಿ. ಪಿಯಾನೊ ಎಂಬ ಹೆಸರೇ ‘ಮೆಲ್ಲಗೆ ಮತ್ತು ಜೋರಾಗಿ’ ಎಂಬರ್ಥದ ಇಟಾಲಿಯನ್ ಮಾತಿನ ತುಂಡು. ಬೆರಳಿನ ಬಲಕ್ಕೆ ತಕ್ಕಂತೆ ದನಿ ಬರಲೆಂದೇ 1700ರ ಸುಮಾರಿಗೆ ಫ್ಲಾರೆನ್ಸಿನ ಕ್ರಿಸ್ಟೋಫೊರಿ ಅದನ್ನು ಕಟ್ಟಿದ್ದು. ಅದೇ ಗುಣ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಲ್ಲ. ಸರಳೆ, ಅಲಂಕಾರ ನುಡಿಸಲಿ. ಜಂಟಿ ಗಂಟಲಿನಲ್ಲೇ ಇರಲಿ.

ಬೆರಳು ಹಾಳಾಗುತ್ತದೆಯೇ? ಇಲ್ಲ. ಸಂಜೆ ಅರ್ಧ ಗಂಟೆ ಕೀಲಿ ಒತ್ತುವುದರಿಂದ ಹತ್ತು ವರ್ಷದ ಕೈಗೆ ಏನೂ ಆಗುವುದಿಲ್ಲ. ಆದರೆ ನೆರೆಮನೆಯವರ ಮಾತಿನ ಹಿಂದೆ ಅವರು ಕಂಡ ಒಂದು ಸಂಗತಿ ಇದೆ ಎಂದು ನನಗೆ ಅನಿಸುತ್ತದೆ, ಏಕೆಂದರೆ ನಾನೂ ಅದನ್ನು ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಕಂಪ್ಯೂಟರಿನಲ್ಲಿಯೇ ಕಲಿತ ಹುಡುಗನೊಬ್ಬ ಬಂದ. ಎರಡು ಕೈಯಿಂದ ಟೈಪಿಂಗ್ ಮಾಡುವವರ ಹಾಗೆ, ಎಡಗೈಯಲ್ಲಿ ಸರಿಗಮ, ಬಲಗೈಯಲ್ಲಿ ಪದನಿಸ. ಮಿಂಚಿನ ವೇಗ. ಹಾರ್ಮೋನಿಯಂ ಮುಂದೆ ಕೂರಿಸಿದೆ. ಎರಡೂ ಕೈಯನ್ನು ಮನೆಗಳ ಮೇಲಿಟ್ಟು ಒತ್ತಿದ, ದನಿ ಬರಲಿಲ್ಲ. ಗಾಳಿ ತುಂಬುವ ತಿದಿ ಒತ್ತಬೇಕಲ್ಲ! ಎಡಗೈ ತಿದಿಗೆ ಹೋದರೆ ಅವನಿಗೆ ಅರ್ಧ ಸಪ್ತಕವೇ ಇರಲಿಲ್ಲ. ಬಲಗೈ ‘ಮ’ದವರೆಗೆ ಬಂದು ತಬ್ಬಲಿಯಂತೆ ನಿಂತುಬಿಟ್ಟಿತು. ಸರಿಮಾಡಲು ಆರು ವಾರ ಹಿಡಿಯಿತು. ಆರು ವಾರ ದೊಡ್ಡದಲ್ಲ, ಆದರೆ ಆ ಹುಡುಗನಿಗೆ ಆದ ಅವಮಾನ ಬೇಡವಾಗಿತ್ತು.

ನಿಮ್ಮ ಮಗಳು ಬಲಗೈಯಲ್ಲಿ ಮಾತ್ರ ನುಡಿಸಲಿ, ತೋರುಬೆರಳೊಂದರಲ್ಲಿ ಕುಟ್ಟದೆ ತೋರು, ನಡು, ಉಂಗುರ ಮೂರನ್ನೂ ಬಳಸಲಿ. ಉಳಿದದ್ದನ್ನು ಈಗಲೇ ತಿದ್ದಲು ಹೋಗಬೇಡಿ, ಪ್ರಯೋಜನವಿಲ್ಲ. ಪಿಯಾನೊದ ಒಂದು ಬಿಳಿ ಮನೆಯ ಅಗಲ ಸುಮಾರು 23 ಮಿಲಿಮೀಟರ್, ಕೀಲಿಮಣೆಯಲ್ಲಿ ಒಂದು ಕೀಲಿಯಿಂದ ಇನ್ನೊಂದಕ್ಕೆ 19. ಪಿಯಾನೊದ ಮನೆ ಒತ್ತಿದಾಗ ಒಂದು ಸೆಂಟಿಮೀಟರಿನಷ್ಟು ಕೆಳಗಿಳಿಯುತ್ತದೆ, ಲ್ಯಾಪ್‌ಟಾಪಿನದು ಒಂದೆರಡು ಮಿಲಿಮೀಟರ್ ಇಳಿದರೆ ಹೆಚ್ಚು. ಕೈ ಅಳತೆ, ಒತ್ತಡ, ಹೆಬ್ಬೆರಳನ್ನು ಅಡಿಯಿಂದ ನುಸುಳಿಸುವ ಕಲೆ ಇವೆಲ್ಲ ನಿಜವಾದ ವಾದ್ಯದ ಮೇಲೆ ಸೊನ್ನೆಯಿಂದಲೇ ಶುರುವಾಗಬೇಕು. ಹಾಗಾಗುವಾಗ ‘ಇಷ್ಟು ದಿನ ಕಲಿತದ್ದು ವ್ಯರ್ಥವಾಯಿತೇ’ ಎಂದು ಅವಳು ಅಳದಂತೆ ಈಗಿನಿಂದಲೇ ಹೇಳಿಡಿ.

ಇನ್ನು ಆ ನೋಟ್‌ಪುಸ್ತಕ. ‘ಎ ಡಬ್ಲ್ಯು ಡಿ ಎಫ್’ ಎಂದು ಬರೆದಿಟ್ಟವಳು ಸಂಗೀತ ಬರೆದಿಲ್ಲ, ಕೀಲಿಮಣೆಯ ವಿಳಾಸ ಬರೆದಿದ್ದಾಳೆ. ಲ್ಯಾಪ್‌ಟಾಪ್ ಕೆಟ್ಟರೆ ಆ ಪುಸ್ತಕವನ್ನು ಯಾರೂ ಓದಲಾರರು, ಅವಳೂ ಸೇರಿ. ಇದಕ್ಕಿಂತ ದೊಡ್ಡ ಗುಂಡಿ ಮುಂದಿದೆ. ನಾಳೆ ಪಾಶ್ಚಾತ್ಯ ಸ್ವರಗಳ ಹೆಸರು ಕಲಿಯುವಾಗ ಅಲ್ಲಿಯೂ ಎ ಯಿಂದ ಜಿ ವರೆಗಿನ ಅಕ್ಷರಗಳೇ. ಎ ಎಂದು ಬರೆದ ಕೀಲಿ ಒತ್ತಿದರೆ ಬರುವ ಸ್ವರ ಸಿ. ಎಸ್ ಒತ್ತಿದರೆ ಡಿ. ಡಿ ಒತ್ತಿದರೆ ಇ. ಇ ಒತ್ತಿದರೆ ಡಿ ಶಾರ್ಪ್! ಎಫ್ ಮತ್ತು ಜಿ ಎರಡು ಮಾತ್ರ ಕಾಕತಾಳೀಯವಾಗಿ ತಮ್ಮ ಹೆಸರಿನ ಸ್ವರವನ್ನೇ ಕೊಡುತ್ತವೆ, ಅದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ, ಏಕೆಂದರೆ ಮಗು ಎಲ್ಲವೂ ಹಾಗೆಯೇ ಎಂದುಕೊಳ್ಳುತ್ತದೆ. ಒಂದು ಹುಡುಗಿಗೆ ಈ ಕಗ್ಗಂಟು ಬಿಡಿಸುವುದಕ್ಕೆ ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು. ಬೆರಳಿನ ಅಭ್ಯಾಸ ಆರು ವಾರದಲ್ಲಿ ಹೋಗುತ್ತದೆ, ತಪ್ಪು ಹೆಸರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಹೀಗೆ ಮಾಡಿ. ಚಿಕ್ಕ ಚಿಕ್ಕ ಕಾಗದದ ಚೂರುಗಳ ಮೇಲೆ ಸ, ರಿ, ಗ, ಮ ಬರೆದು ಅಕ್ಷರ ಮುಚ್ಚುವಂತೆ ಕೀಲಿಗಳಿಗೆ ಅಂಟಿಸಿ. ಕಪ್ಪು ಮನೆಯ ಐದು ಕೀಲಿಗಳಿಗೆ ಬರೀ ಕಪ್ಪು ಚುಕ್ಕೆ ಸಾಕು, ಏಕೆಂದರೆ ಅವುಗಳಲ್ಲಿ ಕೆಲವುಗಳ ಹೆಸರು ರಾಗಕ್ಕೆ ತಕ್ಕಂತೆ ಬದಲಾಗುತ್ತದೆ. ‘ಇ’ ಒಂದು ಕಡೆ ಷಟ್‌ಶ್ರುತಿ ರಿಷಭ, ಇನ್ನೊಂದು ಕಡೆ ಸಾಧಾರಣ ಗಾಂಧಾರ. ನೋಟ್‌ಪುಸ್ತಕದ ಪ್ರತಿ ಸಾಲಿನ ಕೆಳಗೆ ಅವಳೇ ಸ್ವರಗಳನ್ನು ಬರೆಯಲಿ. ಎರಡು ವಾರ ಕಳೆದ ಮೇಲೆ ಚೂರುಗಳನ್ನು ಕಿತ್ತು ಕಣ್ಣು ಮುಚ್ಚಿ ನುಡಿಸಲು ಹೇಳಿ. ಮಕ್ಕಳಿಗೆ ಈ ಪಂದ್ಯ ಇಷ್ಟವಾಗುತ್ತದೆ.

ತಾಳಕ್ಕೆ ನೀವು ಬೇಕು. ಅವಳ ಕೈ ಕೀಲಿಯ ಮೇಲಿರುವಾಗ ಆದಿತಾಳ ಹಾಕುವವರು ಯಾರು? ಮನೆಯಲ್ಲಿ ಒಬ್ಬರು ಪಕ್ಕದಲ್ಲಿ ಕೂತು ಎಂಟು ಅಕ್ಷರ ಹಾಕಿ: ಒಂದು ಪೆಟ್ಟು, ಮೂರು ಬೆರಳು, ಪೆಟ್ಟು, ಬೀಸು, ಪೆಟ್ಟು, ಬೀಸು. ಅಡಿಕೆ ಸುಲಿಯುತ್ತ ಕೂತಿದ್ದರೆ ಕಾಲಿನಿಂದ ತಟ್ಟಿದರೂ ಸಾಕು.

ಯಂತ್ರದ ದೋಷಗಳು. ಮೂರು ಕೀಲಿ ಒತ್ತಿದರೆ ಎರಡೇ ಕೇಳಿಸುವುದು ತಂತ್ರಾಂಶದ ತಪ್ಪಲ್ಲ. ಸಾಮಾನ್ಯ ಕೀಲಿಮಣೆಯಲ್ಲಿ ಪ್ರತಿ ಕೀಲಿಗೂ ಬೇರೆ ತಂತಿ ಇರುವುದಿಲ್ಲ, ಅಡ್ಡ ಸಾಲು, ಉದ್ದ ಸಾಲುಗಳ ಜಾಲವೊಂದು ಇರುತ್ತದೆ. ಆ ಜಾಲದಲ್ಲಿ ಚೌಕದ ಮೂರು ಮೂಲೆಗಳಂತೆ ಬೀಳುವ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ, ನಾಲ್ಕನೆಯ ಮೂಲೆಯದೂ ಒತ್ತಿದೆಯೋ ಇಲ್ಲವೋ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಸುಳ್ಳು ಅಕ್ಷರ ಮೂಡದಿರಲಿ ಎಂದು ಮೂರನೆಯದನ್ನೇ ಅದು ನುಂಗಿಬಿಡುತ್ತದೆ. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಪಾಶ್ಚಾತ್ಯ ಕಾರ್ಡ್ ಕಲಿಯುವವರಿಗೆ ಇದು ದೊಡ್ಡ ಅಡ್ಡಿ. ನಿಮ್ಮ ಮಗಳ ಪಾಠದಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಸಾಕು, ಮರೆತುಬಿಡಿ.

ತಡವಾಗಿ ಬರುವ ಶಬ್ದವನ್ನು ಮಾತ್ರ ಮರೆಯಬೇಡಿ. ನಿಮ್ಮದು ಬ್ಲೂಟೂತ್ ಸ್ಪೀಕರ್ ಇರಬೇಕು. ಅದರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡ ಸಾಮಾನ್ಯ. ಬಯಲಾಟದಲ್ಲಿ ಗದ್ದೆಯ ಆಚೆ ತುದಿಯಲ್ಲಿ ನಿಂತು ನೋಡಿದ್ದೀರಾ? ಚೆಂಡೆಯ ಮೇಲೆ ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ಪೆಟ್ಟು ಆಮೇಲೆ ಕೇಳುತ್ತದೆ. ಶಬ್ದ ಸೆಕೆಂಡಿಗೆ 340 ಮೀಟರ್ ಓಡುವುದರಿಂದ, ಅಷ್ಟು ತಡ ಎಂದರೆ ವಾದ್ಯವನ್ನು 68 ಮೀಟರ್ ದೂರದಲ್ಲಿಟ್ಟು ನುಡಿಸಿದ ಹಾಗೆ. ಒಂದನೇ ಕಾಲದಲ್ಲಿ, ಅಂದರೆ ನಿಧಾನದ ವೇಗದಲ್ಲಿ, ಸೆಕೆಂಡಿಗೊಂದು ಸ್ವರ ಇರುವಾಗ ಹೇಗೋ ನಡೆಯುತ್ತದೆ. ಮೂರನೇ ಕಾಲದಲ್ಲಿ ಸೆಕೆಂಡಿಗೆ ನಾಲ್ಕು ಸ್ವರ, ಒಂದರ ಶಬ್ದ ಬರುವ ಹೊತ್ತಿಗೆ ಬೆರಳು ಮುಂದಿನದರ ಮೇಲಿರುತ್ತದೆ. ಮಗು ಅದಕ್ಕೆ ಹೊಂದಿಕೊಳ್ಳಲು ಹೋಗಿ ತಾಳಕ್ಕಿಂತ ಮುಂದೆ ಓಡುವುದನ್ನು ಕಲಿಯುತ್ತದೆ. ತಂತಿಯ ಇಯರ್‌ಫೋನ್ ಅಥವಾ ತಂತಿಯ ಸ್ಪೀಕರ್ ಹಾಕಿ. ಆಮೇಲೂ ತಡವಾದರೆ ಬೇರೆ ತಂತ್ರಾಂಶ ನೋಡಿ.

‘ಕೆಲವು ದಿನ ಏನೂ ಕೇಳಿಸುವುದಿಲ್ಲ’ ಎಂಬುದಕ್ಕೆ ನನ್ನ ಮೊದಲ ಸಂದೇಹ ಕನ್ನಡ ಅಥವಾ ಮಲಯಾಳಂ ಟೈಪಿಂಗಿನ ಮೇಲೆ. ಯಾರೋ ಪತ್ರ ಬರೆದು ಭಾಷೆ ಬದಲಿಸದೆ ಎದ್ದು ಹೋಗಿರುತ್ತಾರೆ. ಎ ಒತ್ತಿದರೆ ಕಂಪ್ಯೂಟರಿಗೆ ಹೋಗುವುದು ಬೇರೆ ಅಕ್ಷರ, ಅಕ್ಷರ ನೋಡಿ ಸ್ವರ ಕೊಡುವ ತಂತ್ರಾಂಶ ಬಾಯಿ ಮುಚ್ಚಿಕೊಳ್ಳುತ್ತದೆ. ಇಂಗ್ಲಿಷಿಗೆ ಬದಲಿಸಿದರೆ ಸರಿಯಾಗುತ್ತದೆ. ಕಪ್ಪು ಮನೆಗೆ ಶಿಫ್ಟ್ ಒತ್ತಿಸುವ ತಂತ್ರಾಂಶಗಳೂ ಇವೆ, ಅವು ಬೇಡ. ಅವುಗಳಲ್ಲಿ ಮನೆಗಳ ನಕ್ಷೆಯೇ ಅಳಿಸಿಹೋಗುತ್ತದೆ, ಮೇಲಾಗಿ ವಿಂಡೋಸಿನಲ್ಲಿ ಐದು ಸಲ ಶಿಫ್ಟ್ ಒತ್ತಿದರೆ ‘ಸ್ಟಿಕಿ ಕೀಸ್’ ಬೇಕೇ ಎಂದು ಕೇಳುತ್ತ ಕಿಟಕಿಯೊಂದು ಎದ್ದು ನಿಲ್ಲುತ್ತದೆ.

ದುಡ್ಡಿನ ವಿಷಯ ಕೊನೆಗೆ. ಈಗಲೇ ಏನನ್ನೂ ಕೊಳ್ಳಬೇಡಿ. ಮೂರು ತಿಂಗಳು ಇದರಲ್ಲೇ ನಡೆಯಲಿ. ಅಷ್ಟರಲ್ಲಿ ಆಸಕ್ತಿ ಇಳಿದರೆ ನಿಮಗೆ ನಷ್ಟವಾದದ್ದು ಕಾಗದದ ಚೂರು ಮಾತ್ರ. ಉಳಿದರೆ, ಅವಳು ಯಾವ ಕಡೆ ವಾಲುತ್ತಾಳೆ ನೋಡಿ. ಹಾಡುವುದೇ ಮುಖ್ಯವಾಗಿ, ಜೊತೆಗೊಂದು ಆಸರೆ ಬೇಕೆಂದರೆ ಹಾರ್ಮೋನಿಯಂ. ಅದು ವಿದ್ಯುತ್ ಕೇಳುವುದಿಲ್ಲ, ರಿಪೇರಿಯಾಗುತ್ತದೆ, ನೆರೆಮನೆಯಲ್ಲಿ ಗುರುವೂ ಸಿದ್ಧ ಇದ್ದಾರೆ. ಆದರೆ ನಮ್ಮ ಮಳೆಗಾಲದ ತೇವಕ್ಕೆ ತಿದಿಯ ಅಂಟು ಬಿಡುತ್ತದೆ, ಮರ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ. ಹಳೆಯದನ್ನು ಕೊಳ್ಳುವುದಾದರೆ ಪ್ರತಿ ಮನೆಯನ್ನೂ ಒತ್ತಿ ನೋಡಿಯೇ ತೆಗೆದುಕೊಳ್ಳಿ, ನಾಲ್ಕು ರೀಡು ಗಂಟಲು ಕಟ್ಟಿದ್ದನ್ನು ಕಡಿಮೆಗೆ ಸಿಕ್ಕಿತೆಂದು ತರಬೇಡಿ.

ಚಿತ್ರಗೀತೆ, ಪಾಶ್ಚಾತ್ಯ ಸಂಗೀತದ ಕಡೆ ಮನಸ್ಸು ಹೋಗುತ್ತಿದ್ದರೆ 61 ಮನೆಯ, ಪೂರ್ತಿ ಅಗಲದ ಕೀಲಿಗಳ ಕೀಬೋರ್ಡ್ ನೋಡಿ. ಒತ್ತಿದ ಬಲಕ್ಕೆ ತಕ್ಕಂತೆ ದನಿ ಏರಿಳಿಯುವುದೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ. ಆ ಗುಣವಿಲ್ಲದ, ಇನ್ನೂರು ಬಗೆಯ ತಾಳದ ಗುಂಡಿಗಳಿರುವ ಆಟಿಕೆಗೆ ನೀವು ಹೇಳಿದ ಹತ್ತು ಸಾವಿರ ಹಾಕುವುದಕ್ಕಿಂತ ಲ್ಯಾಪ್‌ಟಾಪೇ ಮೇಲು. ಲ್ಯಾಪ್‌ಟಾಪಿಗೆ ಯುಎಸ್‌ಬಿ ತಂತಿಯಲ್ಲಿ ಜೋಡಿಸುವ 25 ಕೀಲಿಯ ಪುಟ್ಟ ಮಿಡಿ ಕೀಬೋರ್ಡುಗಳೂ ಸಿಗುತ್ತವೆ, ಅಗ್ಗ. ಒತ್ತಡವನ್ನು ಗುರುತಿಸುತ್ತವೆ, ಒಟ್ಟಿಗೆ ಎಷ್ಟು ಒತ್ತಿದರೂ ನುಂಗುವುದಿಲ್ಲ. ಆದರೆ ಅವುಗಳಿಗೆ ಸ್ವಂತ ದನಿ ಇಲ್ಲ, ಲ್ಯಾಪ್‌ಟಾಪ್ ಸತ್ತರೆ ಅವೂ ಸತ್ತಂತೆ. ಹಳೆಯ ಲ್ಯಾಪ್‌ಟಾಪ್ ಎಂದಿರಿ, ಅದರ ಆಯಸ್ಸನ್ನು ನೋಡಿಕೊಂಡು ನಿರ್ಧರಿಸಿ. ಮೊಬೈಲ್ ಪರದೆಯ ಮೇಲಿನ ಪಿಯಾನೊವನ್ನು ನಾನು ಸೂಚಿಸುವುದಿಲ್ಲ. ಅಲ್ಲಿ ಬೆರಳಿಗೆ ಅಂಚೇ ಸಿಗುವುದಿಲ್ಲ, ನೋಡದೆ ನುಡಿಸಲು ಬರುವುದಿಲ್ಲ.

ಟೀಚರನ್ನು ಬಿಟ್ಟು ಇದೊಂದನ್ನೂ ಮಾಡಬೇಡಿ. ಶ್ರುತಿ ಹೊಂದಿಸಿ, ಸ್ವರ ಬರೆದ ಮೇಲೆ ಆ ನೋಟ್‌ಪುಸ್ತಕವನ್ನು ಶನಿವಾರ ಅವರಿಗೆ ತೋರಿಸಿ, ಮಾಯಾಮಾಳವಗೌಳದ ಆ ಎರಡು ಅಚ್ಚುಗಳನ್ನು ಮಗಳೇ ವಿವರಿಸಲಿ. ತುಲಾ ಮಾಸದ ಗುಡುಗು ಶುರುವಾಯಿತೆಂದರೆ ಮಾತ್ರ ಅರ್ಧದಲ್ಲಿ ಇದ್ದ ವರಸೆಯನ್ನೂ ನಿಲ್ಲಿಸಿ ಚಾರ್ಜರನ್ನು ಗೋಡೆಯಿಂದ ಕಿತ್ತುಬಿಡಿ. ನನ್ನ ಎರಡು ಕೀಬೋರ್ಡ್ ಹೋದದ್ದು ಹಾಗೆಯೇ.